ಎಲ್ಲರ ಫೋಟೋ ಒಂದೇ ಸಾಲಿನಲ್ಲಿ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಭಜನಾ ಮಂದಿರದ ಎದುರಿನ ತಗಡಿನ ಚಪ್ಪರದಿಂದ ಮಳೆ ಬಿಟ್ಟ ಮೇಲಿನ ಹಾಗೆ ಹನಿ ತೊಟ್ಟಿಕ್ಕುತ್ತಿತ್ತು. ಮಾಣಿಯಿಂದ ಬಂದ ಮೊದಲ ಬಸ್ಸು ದೀಪ ಹಾಕಿಕೊಂಡೇ ಬಂದರೂ, ಸ್ವಾಗತ ದ್ವಾರಕ್ಕೆ ಕಟ್ಟಿದ್ದ ಬಾಳೆಗಿಡವನ್ನು ಕಾಣದೆ ಅದರ ಒಂದೆಲೆಯನ್ನು ಕನ್ನಡಿಗೆ ಸಿಕ್ಕಿಸಿಕೊಂಡು ಹೋಯಿತು. ಮಂದಿರದ ಒಳಗೆ ನಂದಾದೀಪ ಮಾತ್ರ ಅಲ್ಲಾಡದೆ ಉರಿಯುತ್ತಿತ್ತು. ದೇವರಿಗೆ ಮಂಜಿನ ಚಿಂತೆ ಇರಲಿಲ್ಲ. ಸುವರ್ಣ ಮಹೋತ್ಸವ ಸಮಿತಿಗೆ ಇತ್ತು.

"ಪರದೆಗೆ ಎಂತದೂ ಆಗ್ಲಿಕ್ಕಿಲ್ಲ ಅಲ್ವಾ ಮಜೀದ್?" ಎಂದು ಸಮಿತಿಯ ಸಂಚಾಲಕ ಭೋಜಣ್ಣ, ತಲೆಗೆ ಸುತ್ತಿದ ಮಫ್ಲರಿನ ಒಳಗಿನಿಂದ ಕೇಳಿದರು.

"ಎಂತ ಆಗುದು ಭೋಜಣ್ಣ? ನನ್ನ ಪರದೆ ಪೊಳಲಿಯಲ್ಲಿ ಗಾಳಿಗೆ ನಿಂತದ್ದು, ಬೆಳ್ತಂಗಡಿಯಲ್ಲಿ ಮಳೆಗೆ ನಿಂತದ್ದು. ಮದುವೆ, ಉರೂಸು, ಯಕ್ಷಗಾನದ ಆಟ, ಭೂತದ ಕೋಲ, ಯಾವುದರಲ್ಲೂ ಒಂದು ಸಲ ಕಣ್ಣು ಮುಚ್ಚಿದ್ದಿಲ್ಲ. ಈ ಮಂಜು ಯಾವ ಲೆಕ್ಕ?"

ಅಬ್ದುಲ್ ಮಜೀದರಿಗೆ ಮೆಲ್ಕಾರಿನಲ್ಲಿ ಧ್ವನಿವರ್ಧಕ, ದೀಪ ಮತ್ತು ಎಲ್‌ಇಡಿ ಪರದೆಗಳ ಅಂಗಡಿ. ಅವರ ಅಂಗಡಿಯ ಒಂದು ಗೋಡೆ ಪೂರ್ತಿ ಸ್ಮರಣಿಕೆಗಳೇ. ದೇವಸ್ಥಾನದ್ದು, ದರ್ಗಾದ್ದು, ಇಗರ್ಜಿಯದ್ದು, ಯುವಕ ಮಂಡಲದ್ದು, ಹೀಗೆ ಸುತ್ತಲಿನ ಎಲ್ಲ ಸಮಿತಿಗಳೂ ಅಲ್ಲಿ ಜಗಳವಿಲ್ಲದೆ ಅಕ್ಕಪಕ್ಕ ನೇತಾಡುತ್ತವೆ. ನಮ್ಮ ಮಂದಿರದ ಕೆಲಸ ಒಪ್ಪಿಕೊಂಡ ದಿನವೇ ಮಜೀದರು ಗಲ್ಲಾದ ನೇರ ಎದುರಿಗೆ, ಕುಳಿತಲ್ಲಿಂದ ಕಾಣುವ ಜಾಗದಲ್ಲಿ ಹೊಸದೊಂದು ಮೊಳೆ ಹೊಡೆದಿದ್ದರು. ಅವರು ಚಿಕ್ಕವರಿದ್ದಾಗ ಈ ಮಂದಿರದ ಹಿಂದಿನ ಗದ್ದೆಯಲ್ಲೇ ಆಡಿ ಬೆಳೆದವರು. ಶನಿವಾರದ ಭಜನೆಯ ಅವಲಕ್ಕಿ ತಿಂದವರು. ಮೊಳೆ ಸುಮ್ಮನೆ ಹೊಡೆದದ್ದಲ್ಲ.

ಈಗ ಫೋಟೋದ ವಿಷಯ ಹೇಳಬೇಕು. ಅನರ್ಥಕ್ಕೆಲ್ಲ ಅದೇ ಮೂಲ.

ಮಂದಿರಕ್ಕೆ ಕೈಯೆತ್ತಿ ಕೊಟ್ಟ ಮನೆಯವರ ಫೋಟೋಗಳನ್ನು ಪರದೆಯ ಮೇಲೆ ತೋರಿಸುವುದೆಂದು ಸಮಿತಿ ತೀರ್ಮಾನಿಸಿತ್ತು. ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಯಾರ ಫೋಟೋ ಎಂಬಲ್ಲಿ ಸಭೆ ನಿಂತಿತು. ಜಾಗ ಕೊಟ್ಟವರ ಮೊಮ್ಮಗ ಎದ್ದು ನಿಂತರು. ಗಂಟೆ ಕೊಟ್ಟವರು ಕುಳಿತಲ್ಲೇ ಕೆಮ್ಮಿದರು. ಕೋಶಾಧಿಕಾರಿ ತುಕ್ರಪ್ಪನವರು, ಮಂದಿರದ ಅಡಿಪಾಯಕ್ಕೆ ಮೊದಲ ಬುಟ್ಟಿ ಮಣ್ಣು ಹೊತ್ತದ್ದು ತಮ್ಮ ತಾಯಿ ಸೇಸಮ್ಮ ಎಂಬುದನ್ನು ಯಾರೂ ಕೇಳದಿದ್ದರೂ ನೆನಪಿಸಿದರು. ಚಹಾ ಬಂತು, ಮುಗಿಯಿತು, ಮತ್ತೆ ಬಂತು. ಯಾರನ್ನೂ ಹಿಂದೆ ಹಾಕುವ ಹಾಗಿಲ್ಲ, ಯಾರನ್ನೂ ಬಿಡುವ ಹಾಗಿಲ್ಲ, ಯಾರ ಫೋಟೋವನ್ನೂ ಕುಗ್ಗಿಸುವ ಹಾಗಿಲ್ಲ. ಯಾರಿಗೂ ಇಲ್ಲ ಎನ್ನುವ ರೂಢಿ ನಮ್ಮ ಊರಿನಲ್ಲಿಲ್ಲ.

ಆಗ ಭೋಜಣ್ಣನಿಗೆ ಬೆಳಕು ಕಂಡಿತು. "ಎಲ್ಲರದ್ದೂ ಒಂದೇ ಸಾಲಿನಲ್ಲಿ ಅಂಟಿಸುವ. ಎಲ್ಲ ಸೇರಿ ಒಂದೇ ಒಂದು ಉದ್ದದ ಫೋಟೋ. ತಲೆಗೆ ಬಾಲ ಜೋಡಿಸಿ ಸುತ್ತು ತಿರುಗಿಸುವ. ಮೊದಲೂ ಇಲ್ಲ, ಕೊನೆಯೂ ಇಲ್ಲ!"

ಸಭೆ ಚಪ್ಪಾಳೆ ತಟ್ಟಿತು. ಸೃಷ್ಟಿಯೇ ಹಾಗಲ್ಲವೇ ಎಂದು ಅರ್ಚಕರು ತಲೆದೂಗಿದರು.

"ರಮಾನಾಥ ಭಾವ, ಕಂಪ್ಯೂಟರ್ ಅಷ್ಟನ್ನು ತಡೀತದಾ?" ಎಂದು ಭೋಜಣ್ಣ ಕೇಳಿದರು.

ರಮಾನಾಥ ಭೋಜಣ್ಣನ ತಂಗಿ ಕಾಂತಿಯ ಗಂಡ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾನೆ. ಬೆಳಿಗ್ಗೆ ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ, ಬಂಟ್ವಾಳ ಪೇಟೆಯ ಇಕ್ಕಟ್ಟಿನಲ್ಲಿ ನಿಂತು, ಸಿದ್ದಕಟ್ಟೆಯವರೆಗೆ ಕಂಬಿ ಹಿಡಿದು ನೇತಾಡಿ, ಸಂಜೆ ಅದನ್ನೇ ಹಿಂದುಮುಂದಾಗಿ ಮಾಡುವವನು. ಅವನನ್ನು ತಾಂತ್ರಿಕ ಸಮಿತಿಯ ಸಂಚಾಲಕನನ್ನಾಗಿ ಮಾಡಿದ ಸಂಗತಿ ಅವನಿಗೆ ತಿಳಿದದ್ದು ಭೋಜಣ್ಣ ಅದನ್ನು ಮೈಕಿನಲ್ಲಿ ಹೇಳಿದಾಗ. ಆ ಸಂಜೆ ಅವನ ಮಡಿಲಲ್ಲಿ ಉತ್ತರ ಪತ್ರಿಕೆಗಳ ಕಟ್ಟಿತ್ತು, ಮೈಯಲ್ಲಿ ಬಸ್ಸಿನ ಧೂಳಿತ್ತು, ಮನಸ್ಸಿನಲ್ಲಿ ಬಿಸಿನೀರಿನ ಹಂಡೆಯೊಂದೇ ಇತ್ತು. ಉದ್ದವೆಷ್ಟು, ಎತ್ತರವೆಷ್ಟು, ಗುಣಿಸಿದರೆ ಎಷ್ಟಾಗುತ್ತದೆ ಎಂದು ಕೇಳಬೇಕಾದವನು, "ತಡೀತದೆ ಭಾವ" ಎಂದ.

ಸಭೆ ಮುಗಿಸಲು ಅದಕ್ಕಿಂತ ಚಿಕ್ಕ ಮಾತು ಅವನಿಗೆ ಹೊಳೆಯಲಿಲ್ಲ.

ಮಹೋತ್ಸವದ ಬೆಳಿಗ್ಗೆಯ ಮಂಜು ಕರಗಿತು. ಚಪ್ಪರ ತುಂಬಿತು. ಮುಖ್ಯ ಅತಿಥಿಗಳು ಗುಂಡಿ ಒತ್ತಿದರು. ಊರಿಗೆ ಊರೇ ಕತ್ತೆತ್ತಿ ಪರದೆಯನ್ನು ನೋಡಿತು. ಒಂದು ಮೀಸೆ ಕಾಣಿಸಿಕೊಂಡಿತು. ಮೀಸೆಯ ಪಕ್ಕದಲ್ಲಿ ಒಂದು ಸೆರಗು ಕಾಣಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಭಜನೆಯ ಹಾಡೂ ಅದೇ ಕಂಪ್ಯೂಟರಿನಿಂದ ಬರುತ್ತಿದ್ದುದರಿಂದ ಅದು ಹರಿನಾಮದ ನಡುವೆ ಉಸಿರು ಬಿಟ್ಟಿತು. ಆ ನಿಶ್ಶಬ್ದದಲ್ಲಿ ಭೋಜಣ್ಣನ ದನಿ ಮಾತ್ರ, "ನೋಡಿ, ಎಲ್ಲರೂ ನೋಡಿ!" ಎಂದು ಕೇಳಿಸಿತು.

ಹಿಂದಿನ ಸಾಲಿನ ಕೆಲವರು ಇದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು.

ಸಾಲಿಗೆ ಮೊದಲೂ ಕೊನೆಯೂ ಇಲ್ಲದ್ದರಿಂದ, ಯಾರ ಫೋಟೋದ ಹೊತ್ತಿಗೆ ಪರದೆ ಹೋಯಿತೆಂದು ಹೇಳುವಂತಿರಲಿಲ್ಲ. ಹಾಗಾಗಿ ಪ್ರತಿ ಮನೆಯವರೂ ತಮ್ಮ ಫೋಟೋ ಬರುವ ಮುಂಚೆಯೇ, ತಮ್ಮ ಫೋಟೋ ಬರಬಾರದೆಂದೇ ಅದನ್ನು ಯಾರೋ ಆರಿಸಿದರೆಂದು ತಿಳಿದರು. ಗಂಟೆ ಕೊಟ್ಟವರು ಜಾಗ ಕೊಟ್ಟವರನ್ನು ನೋಡಿದರು. ಜಾಗ ಕೊಟ್ಟವರು ಭೋಜಣ್ಣನನ್ನು ನೋಡಿದರು. ದುಬೈಯಲ್ಲಿ ಕುಳಿತು ನೇರ ಪ್ರಸಾರ ನೋಡುತ್ತಿದ್ದ ಭೋಜಣ್ಣನ ಮಗ ಶೋಧನ್ ಆ ಕ್ಷಣವೇ ಫೋನು ಮಾಡಿ, "ಅಪ್ಪ, ನಮ್ಮದು ಬರುವಾಗ ಆಫ್ ಮಾಡಿದ್ದು ಯಾರು?" ಎಂದು ಕೇಳಿದ.

ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ಮನುಷ್ಯ ಪಕ್ಕದವನನ್ನು ತೋರಿಸುತ್ತಾನೆ. ಭೋಜಣ್ಣ ಕೆಟ್ಟವರಲ್ಲ, ಮನುಷ್ಯರು. ಮೈಕ್ ಹಿಡಿದು, "ಪರದೆಯವರ ಅಜಾಗರೂಕತೆಯಿಂದ ತೊಂದರೆ ಆಗಿದೆ, ಭಕ್ತಾದಿಗಳು ಕ್ಷಮಿಸಬೇಕು" ಎಂದರು.

ಸಂಜೆ ಸ್ಮರಣಿಕೆ ಕೊಡುವ ಹೊತ್ತು. ಅಡಿಗೆಯವರ ಹೆಸರು ಕರೆದರು, ಚಪ್ಪರದವರ ಹೆಸರು ಕರೆದರು, ನೀರಿನ ಟ್ಯಾಂಕರಿನವರನ್ನೂ ಕರೆದರು. ಮಜೀದರು ತಲೆ ಬಾಚಿಕೊಂಡು, ಅಂಗಿಯ ತೋಳು ಇಳಿಸಿಕೊಂಡು ವೇದಿಕೆಯ ಮೆಟ್ಟಿಲ ಪಕ್ಕ ನಿಂತಿದ್ದರು. ಪೆಟ್ಟಿಗೆಯಲ್ಲಿ ಒಂದು ಸ್ಮರಣಿಕೆ ಉಳಿಯಿತು. ಭೋಜಣ್ಣ ಅದನ್ನು ನೋಡಿದರು, ಪೆಟ್ಟಿಗೆಯ ಮುಚ್ಚಳ ಹಾಕಿದರು, ಮಂಗಳಾರತಿಗೆ ಸನ್ನೆ ಮಾಡಿದರು. ಮಜೀದರು ಇಳಿಸಿದ ತೋಳನ್ನು ಮತ್ತೆ ಮಡಚಿ ವಯರು ಸುತ್ತತೊಡಗಿದರು.

ರಮಾನಾಥ ಇದನ್ನು ನೋಡಿದ. ಅವನು ಹೇಳಿದ "ತಡೀತದೆ" ಎಂಬ ಮಾತು ಆಗ ಅವನಿಗೆ ನೆನಪಾಯಿತು. ನಂದಾದೀಪದ ಎದುರು ನಿಂತು, ಜನ ಕೇಳುವಷ್ಟು ಜೋರಾಗಿ, "ಇದು ಮಜೀದರ ಪರದೆಯ ತಪ್ಪಲ್ಲ. ಒಳಗಿನ ಲೆಕ್ಕದ ತಪ್ಪು. ನಾನು ಸರಿ ಮಾಡಿ ತೋರಿಸ್ತೇನೆ" ಎಂದುಬಿಟ್ಟ.

ಅವನಿಗೆ ಇನ್ನೂ ತಪ್ಪು ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಭೋಜಣ್ಣ ಕೂಡಲೇ ಮೈಕಿಗೆ ಹೇಳಿದರು: "ನಮ್ಮ ಭಾವ ಇದನ್ನು ಕೃತಜ್ಞತಾ ಸಭೆಯ ಒಳಗೆ ಸರಿ ಮಾಡ್ತಾರೆ. ಆ ಸಭೆಯಲ್ಲಿ ಎಲ್ಲರ ಫೋಟೋ ಒಂದೇ ಸಾಲಿನಲ್ಲಿ ತೋರಿಸಲಾಗುವುದು!"

ಮನೆಗೆ ಬಂದ ಮೇಲೆ ಕಾಂತಿ ಊಟ ಬಡಿಸುತ್ತ, "ನಿಮಗೆ ಬಾಯಿ ಮುಚ್ಚಿ ನಿಲ್ಲಲಿಕ್ಕೆ ಯಾರಾದರೂ ಬೇಡ ಅಂದಿದ್ದರಾ?" ಎಂದಳು. ಮಜೀದರ ಕಂಪ್ಯೂಟರು ಊಟದ ಮೇಜಿನ ಮೇಲೆ ಬಂದು ಕುಳಿತಿತ್ತು. ಆದ್ದರಿಂದ ಅವನು ನೆಲದ ಮೇಲೆ ಕುಳಿತು ಉಂಡ. ಮುಂದೆ ಬಹಳ ದಿನ ಹಾಗೆಯೇ ಉಂಡ.

ತಪ್ಪು ಸಿಕ್ಕಿತು. ಕಂಪ್ಯೂಟರಿನ ಅಡಿಯಲ್ಲಿ ಕರ್ನೆಲ್ ಎಂಬ ಮೂಲ ತಂತ್ರಾಂಶವೊಂದು ಇರುತ್ತದೆ. ಅದು ಮದುವೆ ಮನೆಯ ಉಗ್ರಾಣದಲ್ಲಿ ಕುಳಿತವರ ಹಾಗೆ. ಯಾರಿಗೆ ಎಷ್ಟು ಪಾತ್ರೆ, ಎಷ್ಟು ಜಾಗ ಎಂದು ಹಂಚಿಕೊಡುವುದು ಅದರ ಕೆಲಸ. ಚಿತ್ರವೊಂದು ಬಂದರೆ ಅದರ ಉದ್ದವನ್ನೂ ಎತ್ತರವನ್ನೂ ಗುಣಿಸಿ ಇಷ್ಟು ಜಾಗ ಬೇಕು ಎಂದು ಲೆಕ್ಕ ಹಾಕುತ್ತದೆ. ಆದರೆ ಆ ಲೆಕ್ಕ ಬರೆಯುವ ಖಾನೆಗೆ ಇಷ್ಟೇ ಅಂಕಿ ಎಂಬ ಮಿತಿಯುಂಟು. ನಮ್ಮ ಊರಿನ ಸಾಲು ಆ ಮಿತಿಯನ್ನು ದಾಟಿತ್ತು. ಮೇಲಿನ ಅಂಕಿಗಳು ಉದುರಿಹೋಗಿ ಕೊನೆಗೆ ಸಣ್ಣದೊಂದು ಸಂಖ್ಯೆ ಉಳಿದಿತ್ತು. ಉಗ್ರಾಣದವರು ಅದನ್ನು ನೋಡಿ, ಓ ಇಷ್ಟೇ ಅಲ್ಲವಾ ಎಂದು ಒಂದು ಲೋಟ ಎತ್ತಿಕೊಟ್ಟರು. ಅದರೊಳಗೆ ಇಡೀ ಊರಿನ ಪಾಯಸವನ್ನು ಸುರಿಯಲಾಯಿತು. ಅಕ್ಕಪಕ್ಕದ ಸಾಮಾನೆಲ್ಲ ಮುಳುಗಿ, ದೀಪ ಆರಿತು.

ಇದನ್ನು ಸಮಿತಿಗೆ ಹೇಳುವಾಗ ರಮಾನಾಥ ಲೋಟ, ಪಾಯಸಕ್ಕೆ ನಿಲ್ಲದೆ ಇನ್ನೊಂದು ಉದಾಹರಣೆ ಕೊಡಲು ಹೋದ. ಪಾಠ ಮಾಡುವವರಿಗೆ ಈ ಚಟ ಇರುತ್ತದೆ. "ಜೀಪಿನ ಮೀಟರ್ ಉಂಟಲ್ಲ? ಎಲ್ಲ ಖಾನೆಯಲ್ಲೂ ಒಂಬತ್ತು ಬಂದ ಮೇಲೆ ಎಂತ ಆಗ್ತದೆ? ತಿರುಗಿ ಸೊನ್ನೆಯಿಂದ ಶುರು. ಜೀಪು ಓಡಿದ್ದು ಬಹಳ, ತೋರಿಸುವುದು ಕಡಿಮೆ. ನಮ್ಮ ಭಾವನ ಹಳೇ ಜೀಪಿನಲ್ಲಿ ಆಗಿತ್ತಲ್ಲ, ಹಾಗೆಯೇ."

ಕೋಶಾಧಿಕಾರಿ ತುಕ್ರಪ್ಪನವರು ನಿಧಾನವಾಗಿ ಕನ್ನಡಕ ತೆಗೆದರು. ಆ ಜೀಪನ್ನು ಭೋಜಣ್ಣನಿಂದ ಕೊಂಡವರು ಅವರೇ.

"ಭೋಜಣ್ಣ, ಜೀಪು ಹೆಚ್ಚು ಓಡ್ಲಿಲ್ಲ, ಮೀಟರ್ ನೋಡಿ ಅಂತ ನೀವು ಹೇಳಿದ್ದಲ್ವಾ?"

"ಈಗ ವಿಷಯ ಪರದೆಯದ್ದು ತುಕ್ರಪ್ಪ."

"ಪರದೆಯದ್ದೇ. ಆದರೆ ಮಾಷ್ಟ್ರು ಹೇಳಿದ್ದು ನನಗೆ ಈಗ ಚೆಂದ ಅರ್ಥ ಆಯ್ತು."

ಕರ್ನೆಲಿನ ದೋಷವನ್ನು ನಮ್ಮ ಊರಿನಲ್ಲಿ ಸರಿಯಾಗಿ ತಿಳಿದುಕೊಂಡವರು ತುಕ್ರಪ್ಪನವರೊಬ್ಬರೇ. ಉಳಿದವರು ಜೀಪಿನ ಕಡೆ ತಿರುಗಿದರು. ರಮಾನಾಥ, "ನಾನು ಎಂತ ಮಾಡಿದ್ದೆಂದರೆ, ಗುಣಿಸುವ ಮೊದಲು ಹಿಡಿಸ್ತದಾ ಅಂತ ನೋಡ್ಲಿಕ್ಕೆ ಒಂದೆರಡು ಸಾಲು ಸೇರಿಸಿದ್ದೇನೆ. ಹಿಡಿಸದಿದ್ದರೆ ಅದು..." ಎನ್ನುತ್ತಿದ್ದ. ಜೀಪಿನ ಗದ್ದಲ ತಪ್ಪಿಸಲು ಭೋಜಣ್ಣ, "ಸರಿ ಆಯ್ತಲ್ಲ? ಅಷ್ಟು ಸಾಕು. ಸಭೆ ಬರಖಾಸ್ತು" ಎಂದು ಎದ್ದುಬಿಟ್ಟರು. ಹಿಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರಮಾನಾಥ ಮೂಲ ತಂತ್ರಾಂಶವನ್ನೇ ತಿದ್ದಬೇಕೆಂದು ಹೊರಟಿದ್ದ. ಆ ತಂತ್ರಾಂಶ ಲೋಕಕ್ಕೆಲ್ಲ ಸೇರಿದ್ದು; ಅದರ ಆ ಭಾಗವನ್ನು ನೋಡಿಕೊಳ್ಳುವವರು ಜರ್ಮನಿಯಲ್ಲಿರುವ ಒಬ್ಬ ಹಿರಿಯರು. ಅವರು ಒಪ್ಪಿದರೆ ಮಾತ್ರ ತಿದ್ದುಪಡಿ ಒಳಗೆ ಹೋಗುತ್ತದೆ. ಆಗ ತಪ್ಪು ಯಾರದ್ದೆಂದು ಅವರ ಬಾಯಿಂದಲೇ ಬಂದ ಹಾಗಾಗುತ್ತದೆ ಎಂದು ಅವನ ಎಣಿಕೆ. ಕಳಿಸಿದ. ಸಾಲುಗಳ ಮೊದಲು ಖಾಲಿ ಜಾಗ ಬಿಟ್ಟದ್ದು ಸರಿಯಿಲ್ಲ ಎಂದು ವಾಪಸ್ಸು ಬಂತು. ತಿದ್ದಿ ಕಳಿಸಿದ. ವಿವರಣೆ ಸ್ಪಷ್ಟವಿಲ್ಲ ಎಂದು ಬಂತು. ಬಸ್ಸಿನಲ್ಲಿ ಒಂದು ಕೈ ಕಂಬಿಗೆ ಕೊಟ್ಟು ಇನ್ನೊಂದರಲ್ಲಿ ಫೋನು ಹಿಡಿದು ಓದುತ್ತಿದ್ದ. ಬಂಟ್ವಾಳದಲ್ಲಿ ಇಳಿಯುವವರು ಅವನನ್ನು ತಳ್ಳುತ್ತಿದ್ದರು, ಜರ್ಮನಿಯಲ್ಲಿರುವವರು ಅವನ ವಾಕ್ಯಗಳನ್ನು ತಳ್ಳುತ್ತಿದ್ದರು. ಇಬ್ಬರ ಮೇಲೂ ಅವನಿಗೆ ಕೋಪ ಬರಲಿಲ್ಲ. ಕೋಪಕ್ಕೂ ಒಂದಿಷ್ಟು ಶಕ್ತಿ ಬೇಕು.

ಕೃತಜ್ಞತಾ ಸಭೆ ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು. ಜರ್ಮನಿಯಿಂದ ಒಪ್ಪಿಗೆ ಬಾರದೆ ನಮ್ಮ ಮಂದಿರದಲ್ಲಿ ಯಾರಿಗೂ ಕೃತಜ್ಞತೆ ಹೇಳುವ ಹಾಗಿಲ್ಲ ಎಂಬ ಸ್ಥಿತಿ ಬಂತು.

"ಆ ಜನ ಯಾವ ಕಡೆಯವರು ಭಾವ? ಒಂದು ಮಾತು ಹೇಳಿಸುವ" ಎಂದರು ಭೋಜಣ್ಣ.

"ಹಾಗೆಲ್ಲ ಹೇಳಿಸ್ಲಿಕ್ಕೆ ಆಗುದಿಲ್ಲ ಭಾವ. ಅವರು ಬರೆದದ್ದು ಮಾತ್ರ ನೋಡುದು."

"ಎಲ್ಲರೂ ಮೊದಲು ಹಾಗೇ ಹೇಳುದು. ಶೋಧನಿಗೆ ಹೇಳ್ತೇನೆ. ಅವನ ಹೋಟೆಲಿಗೆ ಜರ್ಮನಿಯವರು ತುಂಬ ಬರ್ತಾರಂತೆ."

ಶೋಧನ್ ದುಬೈಯ ಹೋಟೆಲಿನಲ್ಲಿ ಉಳಿದುಕೊಂಡಿದ್ದ ಒಬ್ಬ ಜರ್ಮನ್ ಪ್ರವಾಸಿಯನ್ನು ಹಿಡಿದು, ಮಂದಿರದ ಫೋಟೋ ತೋರಿಸಿ, ಒಂದು ಡಬ್ಬ ಗೋಡಂಬಿ ಕೊಟ್ಟು ಕೆಲಸ ಮಾಡಿಕೊಡಬೇಕೆಂದು ಕೇಳಿಕೊಂಡ. ಆತ ಹಲ್ಲಿನ ವೈದ್ಯ. ಗೋಡಂಬಿಯನ್ನು ಸಂತೋಷದಿಂದ ತೆಗೆದುಕೊಂಡ.

"ಮೇಲಿನವರಿಗೆ ತಲುಪಿದೆ" ಎಂದು ಭೋಜಣ್ಣ ಊರಿಗೆಲ್ಲ ಹೇಳಿದರು.

ಈ ನಡುವೆ ಮಜೀದರ ಅಂಗಡಿಯ ಎದುರು ಗಾಡಿ ನಿಲ್ಲುವುದು ಕಡಿಮೆಯಾಗಿತ್ತು. ಮದುವೆ ಕಾಲ. ಮಾಣಿಯ ಕಡೆಯವರು ಬೆಳ್ತಂಗಡಿಯಿಂದ ಪರದೆ ತರಿಸತೊಡಗಿದರು. "ಮಜೀದರದ್ದು ಒಳ್ಳೇದೇ, ಆದರೆ ಮುಹೂರ್ತದ ಹೊತ್ತಿಗೆ ಕಪ್ಪಾದರೆ?" ಎಂದು ಕೇಳುತ್ತಿದ್ದರು. ರಮಾನಾಥ ದಿನಾ ಸಂಜೆ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ. ಪರದೆಯ ತುಂಡುಗಳು ಅಂಗಡಿಯ ಒಳಗೆ ಒಂದಕ್ಕೊಂದು ಒರಗಿ, ಬೆಡ್‌ಶೀಟು ಹೊದ್ದು ನಿಂತಿರುತ್ತಿದ್ದವು. ಖಾಲಿ ಮೊಳೆ ಬಸ್ಸಿನಿಂದ ಕಾಣುವಂಥದ್ದಲ್ಲ. ಆದರೂ ಅವನಿಗೆ ಕಾಣುತ್ತಿತ್ತು.

ಕಾಂತಿ ಒಂದು ಭಾನುವಾರ ಅಣ್ಣನ ಮನೆಗೆ ಹೋಗಿ ಬಂದಳು. "ಅಣ್ಣನ ಶೋಕೇಸಿನಲ್ಲಿ ಮಜೀದರ ಸ್ಮರಣಿಕೆ ಉಂಟು" ಎಂದಳು. "ಹೆಸರು ಕಾಣದ ಹಾಗೆ ಗೋಡೆ ಕಡೆ ತಿರುಗಿಸಿ ಇಟ್ಟಿದ್ದಾನೆ. ಅತ್ತಿಗೆ ಧೂಳು ಒರೆಸಿ ಈ ಕಡೆ ತಿರುಗಿಸ್ತಾರೆ. ಅಣ್ಣ ಮತ್ತೆ ಆ ಕಡೆ ತಿರುಗಿಸ್ತಾನೆ."

ಜರ್ಮನಿಯಿಂದ ಮುಂದಿನ ಪತ್ರ ಬಂತು. ತಿದ್ದುಪಡಿ ಸರಿಯಿದೆ, ಆದರೆ ಈ ದೋಷವನ್ನು ನಿಮ್ಮ ಗಮನಕ್ಕೆ ತಂದವರು ಯಾರು, ಅವರ ಹೆಸರು ಸೇರಿಸಿ ಎಂದು ಕೇಳಿದ್ದರು. ದೋಷ ತೋರಿಸಿಕೊಟ್ಟವರ ಹೆಸರನ್ನು ತಿದ್ದುಪಡಿಯ ಜೊತೆಗೇ ಶಾಶ್ವತವಾಗಿ ಬರೆದಿಡುವುದು ಆ ಕೆಲಸದವರ ಪದ್ಧತಿಯಂತೆ. ಒಳ್ಳೆಯ ಪದ್ಧತಿ. ಈ ವಿಷಯ ಕಾಂತಿಯಿಂದ ಅಣ್ಣನಿಗೂ, ಅಣ್ಣನಿಂದ ಸಮಿತಿಗೂ ಹೋಗಬಾರದಿತ್ತು.

"ಶಾಶ್ವತವಾ?" ಭೋಜಣ್ಣ ನೆಟ್ಟಗೆ ಕುಳಿತರು. "ಲೋಕದ ಎಲ್ಲಾ ಕಂಪ್ಯೂಟರಿನಲ್ಲೂ? ಹಾಗಾದರೆ ಗೌರವಾಧ್ಯಕ್ಷರ ಹೆಸರಿಂದ ಶುರು ಮಾಡುವ."

"ಗೌರವಾಧ್ಯಕ್ಷರು ಆ ದಿನ ಬಂದೇ ಇರಲಿಲ್ಲ ಭಾವ."

"ಅದಕ್ಕೇ ಹಾಕ್ಬೇಕು. ಇಲ್ಲದಿದ್ದರೆ ಮುಂದಿನ ಸಲವೂ ಬರುದಿಲ್ಲ."

"ನನ್ನ ಹೆಸರಿನ ಪಕ್ಕ ಜೀಪಿನ ವಿಷಯವೂ ಬರೀಲಿಕ್ಕೆ ಜಾಗ ಉಂಟಾ?" ಎಂದು ತುಕ್ರಪ್ಪನವರು ಕೇಳಿದರು.

ರಮಾನಾಥ ಇಲ್ಲ ಎನ್ನಲಿಲ್ಲ. ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರುಗಳು, ಮಹಿಳಾ ಸಮಿತಿ, ಹೊರೆಕಾಣಿಕೆ ಸಮಿತಿ, ವಾಹನ ನಿಲುಗಡೆ ಸಮಿತಿ, ಎಲ್ಲವನ್ನೂ ಬರೆದು ಕಳಿಸಿಬಿಟ್ಟ. ತಿದ್ದುಪಡಿ ಕೈಬೆರಳಷ್ಟು, ಹೆಸರುಗಳು ಮೊಣಕೈವರೆಗೆ. ಜರ್ಮನಿಯಿಂದ ಈ ಸಲ ಬೇಗ ಉತ್ತರ ಬಂತು. ಆ ಹಿರಿಯರು ಬೈದಿರಲಿಲ್ಲ. ಅವರೂ ದಣಿದವರ ಹಾಗೆ ಬರೆದಿದ್ದರು: ಇವರೆಲ್ಲ ಯಾರೆಂದು ನನಗೆ ಗೊತ್ತಿಲ್ಲ. ಇದರಿಂದ ಕಷ್ಟಕ್ಕೆ ಸಿಕ್ಕಿದವರು ಯಾರು? ಅವರ ಹೆಸರೊಂದು ಸಾಕು.

ರಮಾನಾಥ ಅದನ್ನು ಓದಿದ್ದು ಸಿದ್ದಕಟ್ಟೆಯ ಹತ್ತಿರ ಕೆಟ್ಟು ನಿಂತ ಬಸ್ಸಿನಲ್ಲಿ. ಜನ ಇಳಿದು ನೆರಳಿಗೆ ಹೋಗಿದ್ದರು. ಬಹಳ ಕಾಲದ ನಂತರ ಅವನಿಗೆ ಕುಳಿತುಕೊಳ್ಳಲು ಸೀಟು ಸಿಕ್ಕಿತ್ತು. ಅವನು ಎಲ್ಲ ಸಮಿತಿಗಳನ್ನೂ ಅಳಿಸಿದ. ಭಾವನನ್ನು ಅಳಿಸುವಾಗ ಬೆರಳು ಸ್ವಲ್ಪ ತಡೆಯಿತು; ಅಳಿಸಿದ. ಆ ಜಾಗದಲ್ಲಿ ಅಬ್ದುಲ್ ಮಜೀದ್, ಮೆಲ್ಕಾರ್ ಎಂದು ಬರೆದು ಕಳಿಸಿ, ಕಣ್ಣು ಮುಚ್ಚಿ ಸೀಟಿಗೊರಗಿದ. ಹುಟ್ಟಿದಂದಿನಿಂದ ಅವನು ಯಾರಿಗಾದರೂ ಇಲ್ಲ ಎಂದದ್ದು ಅದೇ ಮೊದಲು. ಅದನ್ನೂ ಅವರ ಎದುರಿಗೆ ಹೇಳಲಿಲ್ಲ.

ಒಪ್ಪಿಗೆ ಬಂತು. ಅವನು ಮೆಲ್ಕಾರಿನಲ್ಲಿ ಇಳಿದು ಅಂಗಡಿಗೆ ಹೋಗಿ ಫೋನಿನಲ್ಲಿ ತೋರಿಸಿದ. ಮಜೀದರು ಕನ್ನಡಕ ಹಾಕಿ ತಮ್ಮ ಹೆಸರನ್ನು ನೋಡಿದರು.

"ಇದು ಎಲ್ಲೆಲ್ಲ ಹೋಗ್ತದೆ ಮಾಷ್ಟ್ರೇ?"

"ಲೋಕ ಎಲ್ಲ. ಅಮೆರಿಕಾ, ಜಪಾನು. ದೊಡ್ಡ ದೊಡ್ಡ ಕಂಪ್ಯೂಟರಿನಲ್ಲೂ ಇರ್ತದೆ."

"ಮಾಣಿಯಲ್ಲಿ ಕಾಣ್ತದಾ?"

"ಇರ್ತದೆ. ಆದರೆ ಕಾಣುದಿಲ್ಲ."

"ಹಾಗಾದರೆ ಜಪಾನಿನವರು ಮದುವೆಗೆ ನನ್ನ ಪರದೆ ಕರೀತಾರಾ?" ಮಜೀದರು ನಕ್ಕರು. ಚಹಾ ತರಿಸಿದರು. ಫೋನನ್ನು ಇನ್ನೊಮ್ಮೆ ಇಸಿದುಕೊಂಡು ಹೆಸರು ನೋಡಿ, ಅಂಗಿಯ ತುದಿಯಿಂದ ಅದರ ಗಾಜು ಒರೆಸಿ ಕೊಟ್ಟರು. "ಬೇಸರ ಮಾಡ್ಬೇಡಿ. ನೀವು ಮಾಡಿದ್ದು ದೊಡ್ಡ ಕೆಲಸ. ಆದರೆ ನನ್ನನ್ನು ಕರೀಲಿಲ್ಲ ಅಂತ ನೋಡಿದವರು ಆ ಮಂದಿರದ ಎದುರು ಕೂತವರಲ್ವಾ?"

ಕೃತಜ್ಞತಾ ಸಭೆಯ ದಿನ ಬಂತು. ಜರ್ಮನಿಯವರು ಒಪ್ಪಿದ ಪರದೆ ಎಂದು ಭೋಜಣ್ಣ ಹೇಳಿಕೊಂಡು ಬಂದದ್ದರಿಂದ ಮಹೋತ್ಸವದ ದಿನದಷ್ಟೇ ಜನ. ದುಬೈಯಲ್ಲಿ ಶೋಧನ್ ರಜೆ ಹಾಕಿ ಫೋನಿನ ಎದುರು ಕುಳಿತಿದ್ದ. ಮಜೀದರು ತೋಳು ಮಡಚಿಕೊಂಡೇ ಕಂಪ್ಯೂಟರಿನ ಬಳಿ ನಿಂತಿದ್ದರು. ದೀಪ ಬೆಳಗಿತು. ಭೋಜಣ್ಣ ಗುಂಡಿ ಒತ್ತಿದರು.

ಪರದೆ ಕಪ್ಪಾಗಲಿಲ್ಲ. ಪ್ರಶಾಂತವಾದ ನೀಲಿ ಬಣ್ಣದಲ್ಲಿ, ನಡುವೆ ಒಂದೇ ಒಂದು ಸಾಲು ಬಂದು ನಿಂತಿತು. ಈ ಚಿತ್ರಕ್ಕೆ ಜಾಗ ಸಾಲದು.

ಎಲ್ಲರೂ ಕಾದರು. ಅದು ಅಲ್ಲಿಂದ ಕದಲಲಿಲ್ಲ.

"ಕಪ್ಪಾಗ್ಲಿಲ್ಲ! ನೋಡಿ, ನನ್ನ ಪರದೆ ಕಪ್ಪಾಗ್ಲಿಲ್ಲ!" ಎಂದು ಮಜೀದರು ಕೂಗಿದರು.

"ಫೋಟೋ ಎಲ್ಲಿ ಭಾವ?" ಎಂದು ಭೋಜಣ್ಣ ಕೂಗಿದರು.

ರಮಾನಾಥ ಎದ್ದು ನಿಂತ. "ಇದೇ ಭಾವ ನಾನು ಸರಿ ಮಾಡಿದ್ದು. ಆ ದಿನವೇ ಹೇಳ್ಲಿಕ್ಕೆ ಹೊರಟಿದ್ದೆ, ನೀವು ಸಭೆ ಬರಖಾಸ್ತು ಮಾಡಿದಿರಿ. ಮೊದಲು ಅದಕ್ಕೆ ಆಗುದಿಲ್ಲ ಅಂತ ಹೇಳ್ಲಿಕ್ಕೆ ಬರ್ತಿರಲಿಲ್ಲ. ಎಲ್ಲದಕ್ಕೂ ಹೂಂ ಅಂತ ಹೇಳಿ ಆಮೇಲೆ ಬಿದ್ದುಹೋಗ್ತಿತ್ತು. ಈಗ ಮೊದಲೇ ಹೇಳ್ತದೆ."

"ಅಂದರೆ ಇಷ್ಟು ತಿಂಗಳು ಕೂತು, ಜರ್ಮನಿಗೆ ಗೋಡಂಬಿ ಕಳಿಸಿ, ಆಗುದಿಲ್ಲ ಅಂತ ಹೇಳ್ಲಿಕ್ಕೆ ಕಲಿಸಿದ್ದಾ?"

"ಹೌದು."

"ಅದನ್ನು ನೀನೇ ಹೇಳಬಹುದಿತ್ತಲ್ಲ ಮಾರಾಯ, ಮೊದಲ ಸಭೆಯಲ್ಲಿ!"

ರಮಾನಾಥ ನೀಲಿ ಪರದೆಯಿಂದ ಭಾವನ ಕಡೆಗೆ ತಿರುಗಿದ. "ಹೇಳಬಹುದಿತ್ತು ಭಾವ. ನನಗೂ ಬರ್ತಿರಲಿಲ್ಲ. ಪರದೆಯನ್ನು ಬೈದಿರಿ, ಮಜೀದರನ್ನು ಬೈದಿರಿ. ತಡೀತದೆ ಅಂತ ಹೇಳಿದ್ದು ನಾನು. ನಿಮಗೆ ಅದು ನೆನಪುಂಟು."

ಚಪ್ಪರದಲ್ಲಿ ಗುಜುಗುಜು ಎದ್ದಿತು. ಕತ್ತರಿಸಿ ಒಂದೊಂದಾಗಿ ತೋರಿಸಲಿ ಎಂದರು ಕೆಲವರು. ಮೊದಲು ಯಾರದ್ದು ಎಂದರು ಉಳಿದವರು. ಜಾಗ ಕೊಟ್ಟವರ ಮೊಮ್ಮಗ ಮತ್ತೆ ಎದ್ದರು, ಗಂಟೆ ಕೊಟ್ಟವರು ಮತ್ತೆ ಕೆಮ್ಮಿದರು. ಇನ್ನೊಂದು ಮಹೋತ್ಸವದವರೆಗೆ ಇದು ನಡೆಯುತ್ತದೆ ಎಂದು ಅರ್ಚಕರು ಕಣ್ಣು ಮುಚ್ಚಿದರು.

ಆಗ ಮುಂದಿನ ಸಾಲಿನಿಂದ ತುಕ್ರಪ್ಪನವರ ತಾಯಿ ಸೇಸಮ್ಮನ ದನಿ ಬಂತು. "ನನ್ನದು ಮೊದಲು ಹಾಕಿ."

ಎಲ್ಲರೂ ತಿರುಗಿದರು. "ಅಮ್ಮ, ಸುಮ್ಮನಿರಿ" ಎಂದರು ತುಕ್ರಪ್ಪನವರು.

"ಎಂತ ಸುಮ್ಮನಿರುದು? ನನ್ನ ಫೋಟೋದಲ್ಲಿ ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಸತ್ತವಳ ಹಾಗೆ ಉಂಟು. ಆ ದಿನ ಪರದೆ ಕಪ್ಪಾದದ್ದು ನನ್ನ ಪುಣ್ಯ ಅಂತ ದೇವರಿಗೆ ಕೈ ಮುಗಿದಿದ್ದೆ. ಹೇಗೂ ಬರ್ಲಿಕ್ಕೆ ಉಂಟಲ್ಲ, ಮೊದಲೇ ಬಂದು ಹೋಗಲಿ. ಅದನ್ನು ನೋಡಿದ ಮೇಲೆ ನನಗಿಂತ ಮೊದಲು ಬರ್ಬೇಕಿತ್ತು ಅಂತ ಯಾರು ಹೇಳ್ತಾರೆ, ನೋಡುವ."

ಮಜೀದರು ಕತ್ತರಿಸಿ ಹಾಕಿದರು. ಪರದೆಯ ತುಂಬ, ಮನೆಯಷ್ಟು ಎತ್ತರಕ್ಕೆ, ಕಣ್ಣು ಮುಚ್ಚಿ ಬಾಯಿ ತೆರೆದ ಸೇಸಮ್ಮ ಕಾಣಿಸಿಕೊಂಡರು. ನೋಡಿದವರಲ್ಲಿ ಮೊದಲು ನಕ್ಕದ್ದು ಅವರೇ. ಆಮೇಲೆ ಚಪ್ಪರವೆಲ್ಲ ನಕ್ಕಿತು. ಅದಾದ ಮೇಲೆ ಯಾರ ಫೋಟೋ ಯಾವಾಗ ಬಂದರೂ ಯಾರೂ ಎದ್ದು ನಿಲ್ಲಲಿಲ್ಲ. ಶೋಧನ್ ಮಾತ್ರ ದುಬೈಯಿಂದ ಫೋನು ಮಾಡಿ, ನಮ್ಮದು ಸ್ವಲ್ಪ ಬೇಗ ಹೋಯಿತು ಎಂದ.

ಭಜನೆ ನಡೆಯಿತು. ಪ್ರಸಾದವಾಯಿತು. ಜನ ಕರಗಿದರು. ತುಕ್ರಪ್ಪನವರು ಹೋಗುವಾಗ ಜೀಪನ್ನು ಬೇಕೆಂದೇ ಭೋಜಣ್ಣನ ಪಕ್ಕ ನಿಲ್ಲಿಸಿ, ಮೀಟರಿನ ಮೇಲೆ ಬೆರಳಿಂದ ಎರಡು ಸಲ ಕುಟ್ಟಿ ಮುಂದೆ ಹೋದರು. ಕಾಂತಿ ಗಂಡನನ್ನು ಹುಡುಕಿದರೆ, ಅವನು ಮಂದಿರದ ಜಗಲಿಯಲ್ಲಿ ಕಂಬಕ್ಕೊರಗಿ ನಿದ್ದೆ ಹೋಗಿದ್ದ. ಅವಳು ಎಬ್ಬಿಸಲಿಲ್ಲ.

ಮಜೀದರು ಪರದೆಯ ತುಂಡುಗಳನ್ನು ಬಿಚ್ಚಿ ಗಾಡಿಗೆ ತುಂಬಿ, ಕೊನೆಯ ವಯರು ಸುತ್ತುತ್ತಿದ್ದರು. ಭೋಜಣ್ಣ ಮನೆಯ ಕಡೆ ಹೋದವರು ತಿರುಗಿ ಬಂದರು. ಕೈಯಲ್ಲಿ ವೃತ್ತಪತ್ರಿಕೆ ಸುತ್ತಿದ ಒಂದು ಕಟ್ಟಿತ್ತು. ಮೈಕು ಇಳಿಸಿಯಾಗಿತ್ತು, ಹೆಸರು ಕರೆಯಲು ಏನೂ ಉಳಿದಿರಲಿಲ್ಲ. ಅವರು ವಯರಿನ ಇನ್ನೊಂದು ತುದಿಯನ್ನು ಎತ್ತಿ ಹಿಡಿದು, ಅದು ಸಿಕ್ಕಾಗದ ಹಾಗೆ ಸ್ವಲ್ಪ ಹೊತ್ತು ಬಿಟ್ಟುಕೊಡುತ್ತ ನಿಂತರು. ಮಜೀದರು ಸುತ್ತುತ್ತ ಹೋದರು.

ವಯರು ಮುಗಿದಾಗ ಭೋಜಣ್ಣನ ಕೈಯಲ್ಲಿ ಕಟ್ಟು ಮಾತ್ರ ಉಳಿಯಿತು. ಅವರು ಅದರ ಕಾಗದವನ್ನು ಬಿಚ್ಚಿ, ಸ್ಮರಣಿಕೆಯ ಹೆಸರಿನ ಬದಿಯನ್ನು ಮಜೀದರ ಕಡೆಗೆ ತಿರುಗಿಸಿ, ಎರಡೂ ಕೈಯಲ್ಲಿ ಕೊಟ್ಟರು.